ಅಜ್ಜಿಗೆ ಹೊಳೆ ನೋಡಬೇಕಿತ್ತು

ಸ್ವಸ್ತಿ ಶ್ರೀಮತ್ ಸಾಂಟಾ ಕ್ಲಾರಾ ಮಂಡಲಾಧೀಶ್ವರ, ಎಲ್ ಕಮಿನೋ ರಿಯಾಲ್ ರಾಜಮಾರ್ಗ ಸಂಚಾರ ಧುರಂಧರ, ನಶ್ಯವಿಶಾರದ, ಟೀವಿ ಮುಂದೆ ಗೊರಕೆ ಹೊಡೆಯುತ್ತಲೇ ‘ಚಾನೆಲ್ಲು ಬದಲಾಯಿಸಬೇಡ’ ಎಂದು ಗರ್ಜಿಸಬಲ್ಲ ಏಕಮೇವಾದ್ವಿತೀಯ, ಮೈಸೂರು ಕೋರ್ಟಿನ ನಿವೃತ್ತ ಶಿರಸ್ತೇದಾರರಾದ ನನ್ನ ತಾತನವರ ದಿವ್ಯ ಪಾದಾರವಿಂದಗಳಿಗೆ, ಮೊಮ್ಮಗಳು ಶೈಲಜೆಯು ಭಯಭಕ್ತಿಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ತಾತ, ನಾವು ಫ್ರಾನ್ಸಿಗೆ ಹೋಗಿಬಂದೆವು. ದೋಣಿಯಲ್ಲಿ ನಿಮ್ಮ ಹಾಸಿಗೆಯ ಮೇಲೆ ನಾನು ಮಲಗಿದೆ.

ನೀವು ಅಮೆರಿಕಕ್ಕೆ ಬಂದ ವಾರದಲ್ಲೇ ಮನೆಯ ಹಿಂದಿನ ಕ್ರೀಕು ಎಂಬ ಹಳ್ಳ ತೋರಿಸಲು ಕರೆದುಕೊಂಡು ಹೋಗಿದ್ದೆನಲ್ಲ, ನೆನಪಿದೆಯೇ? ಎರಡೂ ಕಡೆ ಕಾಂಕ್ರೀಟು, ನಡುವೆ ಒಂದು ಸೋಡಾ ಕ್ಯಾನು. ತಂತಿಬೇಲಿಯ ಆಚೆಯಿಂದ ಬಹಳ ಹೊತ್ತು ನೋಡಿ, “ಇದು ಹೊಳೆಯ ಹೆಣ ಕಣೇ” ಅಂದಿರಿ. ಆಮೇಲೆ ಟ್ರಾವೆಲ್ ಏಜೆಂಟಿನ ಬಣ್ಣದ ಪುಸ್ತಕದಲ್ಲಿ ಫ್ರಾನ್ಸಿನ ರೋನ್ ನದಿಯ ಚಿತ್ರ ಕಂಡದ್ದೇ ತಡ, ಅಪ್ಪನ ತಲೆ ತಿಂದು ನೀವು ದೊಡ್ಡವರು ನಾಲ್ಕು ಜನ ಹೋಗುವುದೆಂದು ಗೊತ್ತುಮಾಡಿಸಿದಿರಿ. ಆಮೇಲೆ ಜೂನಿನಲ್ಲಿ ಒಂದು ಬೆಳಿಗ್ಗೆ ಕಾಫಿ ಆರುತ್ತಿದ್ದರೂ ನೀವು ಏಳಲೇ ಇಲ್ಲ. ಇಷ್ಟು ಅವಸರ ಯಾಕೆ ಬೇಕಿತ್ತು?

ಟಿಕೆಟ್ಟು ವಾಪಸು ಮಾಡೋಣ ಎಂದು ಅಪ್ಪ ಫೋನು ಎತ್ತಿದ ಸಂಜೆ, ಅಷ್ಟು ದಿನ ತುಟಿ ಬಿಚ್ಚದೆ ಕೂತಿದ್ದ ಅಜ್ಜಿ ಬಾಯಿ ತೆರೆದಳು. “ಬೇಡ. ಹೋಗೋಣ. ನಂಗೆ ಹೊಳೆ ನೋಡಬೇಕು.” ಅಮ್ಮನಿಗೆ ಎಷ್ಟು ಸಮಾಧಾನವಾಯಿತೆಂದರೆ, ಅಳುತ್ತಲೇ ಪಾಸ್‌ಪೋರ್ಟು ಹುಡುಕತೊಡಗಿದಳು. ನಿಮ್ಮ ಜಾಗಕ್ಕೆ ನನ್ನ ಹೆಸರು ಸೇರಿತು.

ನನಗೂ ಸಮಾಧಾನವೇ ಆಗಿತ್ತು, ಹುಬ್ಬಳ್ಳಿಯ ಪದ್ಮಾ ಆಂಟಿ ಇಂಡಿಯನ್ ಗ್ರೋಸರಿಯಲ್ಲಿ ಸಿಗುವ ತನಕ. ಮೆಂತ್ಯದ ಡಬ್ಬಗಳ ಹಿಂದೆ ಅಮ್ಮನನ್ನು ನಿಲ್ಲಿಸಿಕೊಂಡು ಅವರು ದನಿ ತಗ್ಗಿಸಿದರು. “ವರ್ಷ ತುಂಬಿಲ್ಲ, ಈಗ ಹೊಳಿ ಕಡೆ ಯಾಕ ಒಯ್ತೀರಿ? ನಮ್ಮ ಅತ್ತಿಯಾರೂ ಮಾವನೋರು ಹೋದಮ್ಯಾಲೆ ಹಿಂಗ ಅಂದಿದ್ರು. ಹೊಳಿ ನೋಡಬೇಕು ಅಂದ್ರು. ಆಮ್ಯಾಲೆ...”

“ಆಮೇಲೆ?” ಎಂದೆ ನಾನು.

“ನೀ ಸಣ್ಣಾಕಿ. ಹೋಗು, ಕೊತ್ತಂಬರಿ ಆರಿಸು.”

ಆ ‘ಆಮ್ಯಾಲೆ’ ನನ್ನ ಜೊತೆ ವಿಮಾನ ಹತ್ತಿತು ತಾತ.

ದೋಣಿ ಲಿಯೋನ್ ಊರನ್ನು ಬಿಟ್ಟ ಮೊದಲ ದಿನವೇ ಅಜ್ಜಿ ಗೈಡ್ ಹೆಂಗಸನ್ನು ತೋರಿಸಿ, “ಇಲ್ಲಿ ಆಳ ಎಷ್ಟು ಅಂತ ಕೇಳು” ಅಂದಳು. ನಾನು ಇಂಗ್ಲಿಷಿಗೆ ತಿರುಗಿಸುವಾಗ, ಅಜ್ಜಿಗೆ ಚೀಸು ಬಹಳ ಹಿಡಿಸಿತಂತೆ ಎಂದುಬಿಟ್ಟೆ. ಆಕೆ ಸಂತೋಷದಿಂದ ಇನ್ನೊಂದು ತಟ್ಟೆ ಚೀಸು ತರಿಸಿದಳು. ಅಜ್ಜಿ ಅದನ್ನು ಮುಟ್ಟಲಿಲ್ಲ. “ಈ ನೀರು ಕೊನೆಗೆ ಸಮುದ್ರ ಸೇರುತ್ತೆ ತಾನೇ? ಎಲ್ಲೂ ತಡೆಯಲ್ಲ ತಾನೇ?” ಎಂದು ಕೇಳಿದಳು. ಯಾಕಜ್ಜಿ ಎಂದರೆ ಚೀಸಿನ ತಟ್ಟೆಯನ್ನು ನನ್ನ ಕಡೆ ತಳ್ಳಿದಳು.

ವಿಯೆನ್ ಎಂಬ ಊರಿನಲ್ಲಿ ಪೇಟೆಯ ನಡುವೆಯೇ ರೋಮನ್ನರ ಕಾಲದ ಒಂದು ಗುಡಿ ಇದೆ. ಕಂಬಗಳೆಲ್ಲ ನೆಟ್ಟಗಿವೆ, ಒಳಗೆ ಏನೂ ಇಲ್ಲ. ಎಲ್ಲರೂ ಫೋಟೋ ಹೊಡೆಯುತ್ತಿರುವಾಗ ಅಜ್ಜಿ ಮಾತ್ರ ಚಪ್ಪಲಿ ಬಿಟ್ಟು, ಬಾಗಿ ಒಳಗೆ ಇಣುಕಿದಳು. “ದೇವರು ಎದ್ದುಹೋದ ಮೇಲೂ ಗೋಡೆ ಯಾಕೆ ನಿಂತಿರಬೇಕು?” ಅಂದಳು. ಅಪ್ಪ ಕೇಳಿಸದವರಂತೆ ಕ್ಯಾಮೆರಾದ ಮುಚ್ಚಳ ಹುಡುಕುತ್ತಿದ್ದರು. ಅದು ಅವರ ಕೈಯಲ್ಲೇ ಇತ್ತು.

ಆ ಸಂಜೆ ನಾನು ನನ್ನ ಕುಲವಿದ್ಯೆಯನ್ನು ಪ್ರಯೋಗಿಸಿದೆ. ರಬ್ಬರಿನ ಹಲ್ಲಿಯನ್ನು ಅಜ್ಜಿಯ ಚಪ್ಪಲಿಯೊಳಗೆ ಇಟ್ಟೆ. ಹಿಂದೆಲ್ಲ ಇಂಥದ್ದಕ್ಕೆ ಅಜ್ಜಿ ಸೌಟು ಹಿಡಿದು ಬೀದಿಯವರೆಗೂ ಅಟ್ಟಿಸಿಕೊಂಡು ಬರುತ್ತಿದ್ದಳು, ನೀವು ಒಳಗಿನಿಂದ “ಹೊಡಿ, ಇನ್ನೆರಡು ಹೊಡಿ” ಎಂದು ಕೂಗುತ್ತಿದ್ದಿರಿ. ಈಗ ಅವಳು ಹಲ್ಲಿಯನ್ನು ಬೆರಳಿನಿಂದ ಎತ್ತಿ, ಕಿಟಕಿಯ ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು ನೀರು ನೋಡುತ್ತ ಕೂತಳು.

ವಿವಿಯೇರ್ ಊರಿನ ಕಲ್ಲು ಬೀದಿಗಳಲ್ಲಿ ಬಾಗಿಲುಗಳೆಲ್ಲ ಮುಚ್ಚಿದ್ದವು. ನಮ್ಮ ಹೆಜ್ಜೆಯ ಸದ್ದು ಗೋಡೆಗೆ ಬಡಿದು ನಮ್ಮ ಹಿಂದೆಯೇ ಬರುತ್ತಿತ್ತು. ಅಲ್ಲಿಗೆ ಬರುವ ಹೊತ್ತಿಗೆ ದೋಣಿಯಲ್ಲಿ ಸಾಮಾನುಗಳು ಮಾಯವಾಗತೊಡಗಿದ್ದವು. ಊಟದ ಮೇಜಿನಿಂದ ಬ್ರೆಡ್ಡಿನ ಬುಟ್ಟಿಗಳು. ಕಾಫಿಯ ಸಕ್ಕರೆ ತುಂಡುಗಳು. ನನ್ನ ಪುಟ್ಟ ಕನ್ನಡಿ. ನಮ್ಮ ವಂಶದ ಸಕಲ ಕಳವುಗಳೂ ನನ್ನ ಖಾತೆಗೇ ಸೇರಿರುವುದರಿಂದ ಅಪ್ಪ ನನ್ನನ್ನೇ ದಿಟ್ಟಿಸಿದರು.

“ನಾನಲ್ಲ ಅಪ್ಪ, ದೇವರಾಣೆ.”

“ನೀನು ಆಣೆ ಇಟ್ಟಾಗಲೇ ಜಾಸ್ತಿ ಡೌಟು ಬರೋದು ನಂಗೆ.”

ಅಂದು ಅಜ್ಜಿ ತಲೆಗೆ ನೀರು ಹಾಕಿಕೊಂಡು ಬಂದು, ನನ್ನ ಕೆನ್ನೆ ಸವರಿ, “ನಿಮ್ಮಮ್ಮನ್ನ ಗೋಳು ಹುಯ್ಕೋಬೇಡ ಕಣೇ, ಅವಳು ಒಳ್ಳೆಯವಳು” ಅಂದಳು. ಇಂಥ ಮಾತನ್ನು ಯಾರು ಯಾವಾಗ ಆಡುತ್ತಾರೆ ತಾತ? ನೀವೂ ಹೋಗುವ ಹಿಂದಿನ ದಿನ ನನ್ನ ಅಕ್ಷರ ಚೆನ್ನಾಗಿದೆ ಎಂದಿರಲಿಲ್ಲವೇ? ಅಜ್ಜಿಯ ಮೇಲೆ ಒಂದು ಕಣ್ಣಿಟ್ಟೇ ಮಲಗಬೇಕೆಂದುಕೊಂಡೆ. ನಿದ್ದೆ ಬಂದುಬಿಟ್ಟಿತು.

ಮರುದಿನ ಎಚ್ಚರವಾದಾಗ ಬೆಳಗಾಗಿತ್ತು, ಆದರೆ ಬೆಳಕು ಕುಗ್ಗುತ್ತಿತ್ತು. ಕಿಟಕಿಯ ಆಚೆ ನದಿ ಇಲ್ಲ. ಪಾಚಿ ಹಿಡಿದ ಕರಿಗೋಡೆ, ನೀರು ಸುರಿಸುತ್ತ ಮೇಲಕ್ಕೆ, ಮೇಲಕ್ಕೆ ಹೋಗುತ್ತಿತ್ತು. ಅದನ್ನು ಲಾಕು ಅನ್ನುತ್ತಾರಂತೆ. ನದಿ ತಗ್ಗಿಗೆ ಇಳಿಯುವ ಕಡೆ ದೋಣಿಯನ್ನು ಕಾಂಕ್ರೀಟಿನ ದೊಡ್ಡ ತೊಟ್ಟಿಯೊಳಗೆ ನಿಲ್ಲಿಸಿ, ಬಾಗಿಲು ಮುಚ್ಚಿ, ನೀರು ಹೊರಗೆ ಬಿಟ್ಟು, ಬಾವಿಗೆ ಬಿಂದಿಗೆ ಇಳಿಸಿದ ಹಾಗೆ ಕೆಳಕ್ಕೆ ಇಳಿಸುತ್ತಾರೆ. ಪಕ್ಕದ ಹಾಸಿಗೆ ಖಾಲಿಯಾಗಿತ್ತು. ನಾನು ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಓಡಿದೆ.

ಮೇಲೆ ಯಾರೂ ಇರಲಿಲ್ಲ. ಹಿಂಬದಿಯ ಕಂಬಿಯ ಹತ್ತಿರ ಅಜ್ಜಿ ಒಬ್ಬಳೇ, ಕೆಳಗಿನ ಕಪ್ಪು ನೀರಿನ ಕಡೆ ಬಾಗಿ ನಿಂತಿದ್ದಳು. ನಾನು ಎರಡೂ ಕೈಯಿಂದ ಅವಳ ಸೊಂಟ ಬಾಚಿ ಹಿಡಿದೆ.

“ಬಿಡೇ ಕಪಿ! ಚೆಲ್ಲಿಹೋಗುತ್ತೆ!”

ಅವಳ ಕೈಯಲ್ಲಿ ಎರಡು ಬ್ರೆಡ್ಡಿನ ಬುಟ್ಟಿಗಳಿದ್ದವು. ಒಂದರ ಮೇಲೊಂದು ಕವುಚಿ ದಾರ ಕಟ್ಟಿತ್ತು. ದಾರದ ಸಂದಿಯಿಂದ ಅಕ್ಕಿ ಕಂಡಿತು, ನನ್ನ ಕನ್ನಡಿ ಕಂಡಿತು, ಬಾಚಣಿಗೆ, ಸಕ್ಕರೆ. ಇವೆಲ್ಲದರ ಮೇಲೆ ಅವಳ ಹಸಿರು ಗಾಜಿನ ಬಳೆಗಳು. ಸಾಂಟಾ ಕ್ಲಾರಾದಲ್ಲಿ ಬಳೆ ಒಡೆಯಲು ಯಾರೂ ಇರಲಿಲ್ಲ. ಅವಳೇ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿಟ್ಟಿದ್ದಳು. ಬಾಗಿನ, ತಾತ! ಅಂದು ಗೌರಿ ಹಬ್ಬ. ಸೂತಕದ ವರ್ಷ ಹಬ್ಬವಿಲ್ಲವೆಂದು ಅಮ್ಮ ಲೆಕ್ಕವನ್ನೇ ಇಟ್ಟಿರಲಿಲ್ಲ. ಮೊರ ಸಿಗದ ದೇಶದಲ್ಲಿ ಅಜ್ಜಿ ಬ್ರೆಡ್ಡಿನ ಬುಟ್ಟಿ ಕದ್ದಿದ್ದಳು.

“ನೀನು ಕೊಡೋ ಹಾಗಿಲ್ಲವಲ್ಲ ಅಜ್ಜಿ,” ಅಂದೆ. ಮುತ್ತೈದೆಯರ ಕೆಲಸ ಅದು ಎಂದು ನನಗೂ ಗೊತ್ತು.

“ಕಾವೇರಿಗೆ ಕೊಡೋ ಹಾಗಿಲ್ಲ. ಅವಳಿಗೆ ನಿಮ್ಮ ತಾತ ಗೊತ್ತು.” ಅಜ್ಜಿ ಬುಟ್ಟಿಯನ್ನು ಎದೆಗೆ ಒತ್ತಿಕೊಂಡಳು. “ಈ ಹೊಳೆಗೆ ನಾನು ಯಾರು ಅಂತ ಗೊತ್ತಿಲ್ಲ ಕಣೇ. ನನ್ನ ಹಣೆ ನೋಡಿ ಬೇಡ ಅನ್ನಲ್ಲ. ಮದುವೆಯಾದಾಗಿಂದ ಒಂದು ವರ್ಷಾನೂ ತಪ್ಪಿಸಿಲ್ಲ. ಇದೊಂದು ಕೊಟ್ಟು ಮುಗಿಸ್ತೀನಿ.”

“ಹಾಗಾದ್ರೆ ಹಾಕು.”

“ನಿಂತ ನೀರಿಗೆ ಕೊಡಬಾರದು. ಬಾಗಿಲು ತೆಗೀಲಿ.”

ಇಬ್ಬರೂ ಆ ಬಾವಿಯ ತಳದಲ್ಲಿ ಗೋಡೆ ತೊಟ್ಟಿಕ್ಕುವುದನ್ನು ಕೇಳುತ್ತ ನಿಂತೆವು. ಕಬ್ಬಿಣದ ಬಾಗಿಲು ನರಳಿ ತೆರೆಯಿತು. ಬೆಳಕು ಕಣ್ಣಿಗೆ ಹೊಡೆಯಿತು. ದೋಣಿ ಹರಿಯುವ ನೀರಿಗೆ ಬಂದ ಮೇಲೆ ಅವಳು ಬುಟ್ಟಿಯನ್ನು ಕೈಬಿಟ್ಟಳು. ಅದು ಒಂದು ಸುತ್ತು ಸುತ್ತಿ, ತೇಲಿ, ಹೋಯಿತು. ಅಜ್ಜಿ ನಿಮ್ಮ ಹೆಸರು ಹೇಳಿದಳು ತಾತ. ನನ್ನ ಜನ್ಮದಲ್ಲಿ ಅವಳ ಬಾಯಲ್ಲಿ ನಿಮ್ಮ ಹೆಸರು ಕೇಳಿದ್ದು ಅದೇ ಮೊದಲು. ಆಮೇಲೆ ಹೊಟ್ಟೆ ಹಸೀತಿದೆ ಅಂದಳು.

ಈ ಸಂಗತಿ ಮೂರನೆಯವರಿಗೆ ಗೊತ್ತಿಲ್ಲ, ಈಗ ನಿಮಗೆ ಮಾತ್ರ. ಸಾಂಟಾ ಕ್ಲಾರಾಕ್ಕೆ ವಾಪಸು ಬಂದ ಮೇಲೆ ಭಾನುವಾರ ನಮ್ಮ ಮನೆಯಲ್ಲಿ ಜನ ಸೇರಿದ್ದಾಗ, ಅಜ್ಜಿ ಕಥೆಯನ್ನು ತನಗೆ ಬೇಕಾದ ಹಾಗೆ ತಿರುಗಿಸಿ ಹೇಳಿದಳು. “ತಲೆ ಸುತ್ತಿ ನೀರಿಗೆ ಬೀಳೋದ್ರಲ್ಲಿದ್ದೆ. ಈ ಹುಡುಗಿ ಬರಿಗಾಲಲ್ಲಿ ಓಡಿ ಬಂದು ಸೊಂಟ ಹಿಡಿದಳು.” ಪದ್ಮಾ ಆಂಟಿ ನನ್ನ ದೃಷ್ಟಿ ತೆಗೆದು ಲಟಿಕೆ ಮುರಿದರು. ಅಮ್ಮ ಅತ್ತಳು. ಅಪ್ಪ ನನಗೆ ಕಾರಿನ ಬೀಗದ ಕೈ ಕೊಟ್ಟಿದ್ದಾರೆ.

ಮಹಾಸನ್ನಿಧಾನದಲ್ಲಿ ಕೊನೆಯದಾಗಿ ಒಂದು ಅರಿಕೆ. ಪಕ್ಕದ ಹಾಸಿಗೆ ಖಾಲಿಯಿತ್ತು ಎಂದೆನಲ್ಲ, ಅದನ್ನು ಆಗ ನಾನು ನೋಡಿಯೇ ಇರಲಿಲ್ಲ. ಗೋಡೆ ಮೇಲಕ್ಕೆ ಹೋಗುವುದನ್ನು ಕಂಡು ದೋಣಿ ಮುಳುಗುತ್ತಿದೆ ಎಂದುಕೊಂಡೆ. ಓಡಿದ್ದು ಲೈಫ್ ಜಾಕೆಟ್ಟಿಗೆ, ಅದೂ ಒಂದೇ ಒಂದಕ್ಕೆ. ಅಜ್ಜಿ ಆ ಜಾಕೆಟ್ಟುಗಳನ್ನು ಇಟ್ಟಿದ್ದ ಪೆಟ್ಟಿಗೆಗೆ ಅಡ್ಡ ನಿಂತಿದ್ದಳು. ಸೊಂಟ ಹಿಡಿದದ್ದು ಪಕ್ಕಕ್ಕೆ ಸರಿಸಲು.