ಅರಿಶಿನ ಕಾರಿನ ಮೊದಲ ಗೇರು

ಕಪ್ಪತಗುಡ್ಡ
ದಾರಿದನಿ ಶಕೆ ೧೪೨, ಹದಿಮೂರನೆಯ ತಿಂಗಳ ಮೂವತ್ತೆರಡನೆಯ ದಿನ, ಬೆಳಗು

ಭಾನುವಾರ ಬೆಳಿಗ್ಗೆ ಹಳೆಯ ಇಟಾಲಿಯನ್ ಕಾರುಗಳ ಸುತ್ತ ಸೇರಿ ಕಾಫಿ ಕುಡಿಯುತ್ತ ಹರಟುವ ಹಿರಿಯರೇ,

ಈ ದಿನಾಂಕ ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗದು. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮಿಂದ ಆರು ತಲೆಮಾರು ಈಚೆಗೆ ಕೂತು ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಯಾರೂ ಗಾಡಿ ಓಡಿಸುವುದಿಲ್ಲ. ತಾನೋಡಿ ಎಂಬುದಿದೆ, ಹತ್ತಿ ಕೂತು ಊರಿನ ಹೆಸರು ಹೇಳಿದರೆ ತಾನೇ ಓಡುತ್ತದೆ. ಆಕಾಶದಿಂದ ಅದಕ್ಕೆ ದಾರಿ ತೋರುವ ಅಲೆಯೇ ದಾರಿದನಿ. ಕೈಯಿಂದ ನಡೆಸುವ ಗಾಡಿಯನ್ನು ರಸ್ತೆಗಿಳಿಸುವುದು ನನ್ನ ಮುತ್ತಜ್ಜನ ಕಾಲದಲ್ಲೇ ಅಪರಾಧವಾಯಿತು. ಆಗ ಯಾರೋ ಪುಣ್ಯಾತ್ಮರು ಇಟಲಿಯ ಒಂದು ಅರಿಶಿನ ಬಣ್ಣದ ಕಾರನ್ನು ಈ ಗುಡ್ಡದ ಹಾಳು ಗಣಿಯೊಳಗೆ ಅಡಗಿಸಿಟ್ಟರು. ಎರಡೇ ಸೀಟು, ಸೀಟಿನ ಬೆನ್ನಿಗೇ ಎಂಜಿನ್, ಎತ್ತರ ನಮ್ಮ ಸೊಂಟದಷ್ಟೂ ಇಲ್ಲ. ಅದನ್ನು ಕಾಯುವ ನಮಗೆ ನೆನಪಿಗರು ಎಂದು ಹೆಸರು.

ನಮ್ಮ ಪದ್ಧತಿ ಹೀಗಿದೆ. ಒಂದೊಂದು ಮನೆಯವರು ಕಾರಿನ ಒಂದೊಂದು ವಿದ್ಯೆಯನ್ನು ಬಾಯಿಪಾಠ ಮಾಡಿ ಮಕ್ಕಳಿಗೆ ದಾಟಿಸಬೇಕು. ಕಾರ್ಬ್ಯುರೇಟರಿನ ಮನೆ ಬೇರೆ, ಬ್ರೇಕಿನ ಮನೆ ಬೇರೆ. ನಮ್ಮದು ಓಡಿಸುವ ಮನೆ. ಉಗಾದಿಗೊಮ್ಮೆ ಎಲ್ಲರೂ ಸೇರಿ, ಜೋಳದ ದಂಟಿನಿಂದ ಇಳಿಸಿದ ಸಾರವನ್ನು ಟ್ಯಾಂಕಿಗೆ ಹೊಯ್ದು, ಎಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿಕೊಂಡು ಕೇಳುತ್ತೇವೆ. ಅದರ ಸದ್ದಿಗೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಆಮೇಲೆ ಹೋಳಿಗೆ ಊಟ. ಇಟಲಿಯ ಕಾರುಗಳಲ್ಲಿ ಲಾನ್ಸಿಯಾ ಹೆಚ್ಚೋ, ಆಲ್ಫಾ ರೋಮಿಯೋ ಹೆಚ್ಚೋ ಎಂದು, ಎರಡನ್ನೂ ಕಣ್ಣಾರೆ ಕಾಣದ ನಾವು ಗಂಟಲು ಹರಿಯುವಂತೆ ವಾದಿಸುತ್ತೇವೆ. ಒಳಗೆ ಬಂದವರೆಲ್ಲ ಗೇರು ಕೋಲಿನ ತುದಿಯ ಗುಂಡನ್ನು ಹೆಬ್ಬೆರಳಿನಿಂದ ಸವರಿ ಕಣ್ಣಿಗೆ ಒತ್ತಿಕೊಳ್ಳಬೇಕು, ಅದೂ ಪದ್ಧತಿ. ಗಾಡಿಯನ್ನು ಒಂದು ಗೇಣಾದರೂ ಮುಂದೆ ಸರಿಸಿ ನೋಡಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಮೊನ್ನೆ, ಉಗಾದಿಗೆಂದು ಎಲ್ಲ ಮನೆಯವರೂ ಇಲ್ಲಿ ಸೇರಿದ್ದಾಗ, ದಾರಿದನಿ ನಿಂತುಹೋಯಿತು. ತಾನೋಡಿಗಳೆಲ್ಲ ಇದ್ದಲ್ಲೇ ಕಲ್ಲಾಗಿವೆ. ನನ್ನ ಮೊಮ್ಮಗಳು ಇಂಚರಾಳಿಗೆ ಜ್ವರ ನೆತ್ತಿಗೇರಿದೆ, ಕತ್ತು ಬಿಗಿದುಕೊಂಡಿದೆ, ಕರೆದರೆ ಕಣ್ಣು ಬಿಡುತ್ತಿಲ್ಲ. ಆಸ್ಪತ್ರೆ ಇರುವುದು ಗದಗಿನಲ್ಲಿ. ಹೊತ್ತುಕೊಂಡು ನಡೆದರೆ ತಲುಪುವವರೆಗೆ ಕೂಸು ಉಳಿಯುವುದಿಲ್ಲ. ಕಾರು ನಾನೇ ಓಡಿಸುತ್ತೇನೆಂದು ನನ್ನ ಮಗಳು ದಾಕ್ಷಾಯಣಿ ಎದ್ದು ನಿಂತಳು.

"ಯಪ್ಪಾ, ಹೆಂಗ ಓಡಸೂದು ಅಂತ ನಾ ಹುಟ್ಟಿದಾಗಿಂದ ಹೇಳ್ಕೋತ ಬಂದೀಯಲ್ಲ, ಈಗ್ಯಾಕ ಬಾಯಿ ಕಟ್ಟೇತಿ?" ಎಂದಳು.

ಮೊದಲ ಗೇರು ಎಡಕ್ಕೆ, ಮೇಲಕ್ಕೆ. ಇದು ನಮ್ಮ ಮನೆಯ ಪಾಠ. ಗೇರುಪೆಟ್ಟಿಗೆಯ ವಿದ್ಯೆ ಕಾಯುವ ಲಕ್ಷ್ಮೇಶ್ವರದ ಹಜರತ್‌ಬಿಯ ಮನೆಯವರು ಮಾತ್ರ ಅದು ಎಡಕ್ಕೆ, ಕೆಳಕ್ಕೆ ಎನ್ನುತ್ತಿದ್ದರು. ನಿಮ್ಮೂರಲ್ಲಿ ಚಪ್ಪಲಿಯನ್ನೂ ತಲೆಗೇ ಹಾಕುತ್ತಾರೇನೋ ಎಂದು ಪ್ರತಿ ಉಗಾದಿಗೂ ಆಕೆಯನ್ನು ಗೋಳು ಹೊಯ್ದುಕೊಂಡಿದ್ದೇವೆ. ಗೇರುಗಳ ನಕ್ಷೆಯನ್ನು ಗುಂಡಿನ ಮೇಲೆಯೇ ಕೊರೆದಿರುತ್ತಾರಂತೆ. ಇಂದು ನೋಡಿದರೆ ಅದು ಬೋಳಾಗಿ ಮಿನುಗುತ್ತಿತ್ತು. ಆರು ತಲೆಮಾರಿನ ಭಕ್ತಿಯ ಹೆಬ್ಬೆರಳುಗಳು ಅದನ್ನು ಒರೆಸಿಹಾಕಿದ್ದವು.

ಹಜರತ್‌ಬಿ ಹಿಂದಿನ ಗಾಲಿಗಳ ಬೆನ್ನಿಗೆ ದಪ್ಪ ಕಲ್ಲು ಅಡ್ಡ ಇಡಿಸಿದಳು. ದಾಕ್ಷಾಯಣಿ ನನ್ನ ಪಾಠದಂತೆ ಗೇರು ಹಾಕಿ ಕ್ಲಚ್ ಬಿಟ್ಟಳು. ಗಾಡಿ ಹಿಂದಕ್ಕೆ ಜಿಗಿಯಿತು, ಅಲ್ಲಿದ್ದದ್ದು ಹಿಂದೋಡುವ ಗೇರು. ಅದರ ಬೆನ್ನಿಗೆ ಗಣಿಯ ಗುಂಡಿಯಿದೆ. ಆ ಕಲ್ಲುಗಳು ತಡೆಯದಿದ್ದರೆ ನನ್ನ ಕಣ್ಣೆದುರೇ ಮಗಳು ಅದರ ಪಾಲಾಗುತ್ತಿದ್ದಳು.

ಹಜರತ್‌ಬಿ ನಗಲಿಲ್ಲ. "ನನ್ನ ಮಾತು ಖರೇ ಆತಂತ ನಂಗೇನ್ ಖುಷಿ ಇಲ್ಲೋ ಅಂದಾನಪ್ಪ. ನಿನ್ನ ಉಳಿದ ಪಾಠದ ಗತಿ ಏನು?" ಎಂದಳು.

ಆ ಕ್ಷಣದಿಂದ ನನ್ನ ಜೀವದಲ್ಲಿ ಜೀವವಿಲ್ಲ. ಗುಡ್ಡದ ಇಳಿಜಾರು ಕಡಿದು, ಉದ್ದಕ್ಕೂ ತಿರುವು. ಬ್ರೇಕು ಕಾದರೆ ಹಿಡಿಯುವುದಿಲ್ಲವೆಂದು ಬ್ರೇಕಿನ ಮನೆಯವರೇ ಕೈಚೆಲ್ಲಿದ್ದಾರೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆಯಬೇಡ, ತೆಗೆದರೆ ಗಾಡಿಯ ಹಿಂಭಾಗ ಗಿರಕಿ ಹೊಡೆದು ಕಂದಕಕ್ಕೆ ಬೀಳುತ್ತೀ ಎಂಬುದು ನಮ್ಮ ಮನೆಯ ಪಾಠ. ಕಾಲು ತೆಗೆದರಲ್ಲವೇ ವೇಗ ಇಳಿಯುವುದು? ಬುದ್ಧಿ ಹಾಗೆನ್ನುತ್ತದೆ. ಈ ವಿಷಯ ಬೇರೆ ಯಾವ ಮನೆಯಲ್ಲೂ ಇಲ್ಲ. ಇರುವುದು ನಮ್ಮಲ್ಲೊಂದೇ, ಮೊದಲ ಗೇರನ್ನೇ ತಲೆಕೆಳಗು ಮಾಡಿಕೊಂಡ ಮನೆಯಲ್ಲಿ. ಯಾವುದು ಸರಿ ಯಪ್ಪಾ ಎಂದು ದಾಕ್ಷಾಯಣಿ ಕೇಳಿದಳು. ತೆಗೆಯಬೇಡ ಎಂದೆ. ದನಿ ನಡುಗದಂತೆ ನೋಡಿಕೊಂಡೆ. ನನಗೆ ಗೊತ್ತಿಲ್ಲ.

ಹಿರಿಯರೇ, ನಿಮ್ಮ ಕೈಕಾಲಿಗೆ ಇದೆಲ್ಲ ಗೊತ್ತು. ಮಕ್ಕಳಿಗೆ ಬರೀ ಬಾಯಲ್ಲಿ ಹೇಳಬೇಡಿ, ಪಕ್ಕದಲ್ಲಿ ಕೂತು ಅವರ ಕೈಗೆ ಸ್ಟಿಯರಿಂಗ್ ಕೊಡಿ. ಇನ್ನೊಂದು ಕೆಲಸವನ್ನು ದಯವಿಟ್ಟು ಮಾಡಿ. ಗಣಿಯಿಂದ ಇಳಿಯುವ ದಾರಿಯ ಮೊದಲ ತಿರುವಿನಲ್ಲಿ ಒಂದು ಕರಿ ಬಂಡೆಯಿದೆ, ನಿಮ್ಮ ಕಾಲದಲ್ಲೂ ಇದ್ದೇ ಇರುತ್ತದೆ. ನಿಮ್ಮಲ್ಲಿ ಬಲ್ಲವರೊಬ್ಬರು ಅದರ ಮೇಲೆ, ಕಾರಿನಲ್ಲಿ ಕೂತವರಿಗೆ ಕಾಣುವ ಎತ್ತರದಲ್ಲಿ, ಕಾಲು ತೆಗೆಯಬೇಕೋ ಬೇಡವೋ ಎಂದು ಕೆತ್ತಿ. ನಿಮಗೆ ಬೇಕಾದಷ್ಟು ಸಮಯವಿದೆ. ಹತ್ತು ವರ್ಷ ಬಿಟ್ಟು ಉಳಿ ಹಿಡಿದರೂ ನನ್ನ ಮಗಳು ಅಲ್ಲಿಗೆ ಬರುವಷ್ಟರಲ್ಲಿ ಅಕ್ಷರ ಅಲ್ಲಿರುತ್ತದೆ.

ಕೂಸನ್ನು ಸೀರೆಯಿಂದ ಸೀಟಿಗೆ ಕಟ್ಟುತ್ತಿದ್ದಾರೆ. ನಾನು ಈಗಷ್ಟೇ ಆ ಬಂಡೆಯವರೆಗೆ ಓಡಿಹೋಗಿ ಬಂದೆ. ಧೂಳನ್ನೆಲ್ಲ ಒರೆಸಿ, ಬೆರಳಾಡಿಸಿ ನೋಡಿದೆ. ಅದರ ಮೇಲೆ ಒಂದು ಗೀರೂ ಇಲ್ಲ.

ಆದರೂ ಹೋಗಿ, ಕೆತ್ತಿ. ಎಂಜಿನ್ ಚಾಲೂ ಆಯಿತು.

ಅಂದಾನಪ್ಪ, ಓಡಿಸುವ ಮನೆ