ಖಾನಾವಳಿಯಲ್ಲಿ ಬಡಿಸಿದವರು

ಕೊತ್ತಪಲ್ಲಿ
೧೮-೦೨-೨೦೨೫, ಮಂಗಳವಾರ

ರೇಷ್ಮಾಳ ಅಪ್ಪನವರಿಗೆ, ಭಾಗ್ಯ ಮಾಡುವ ನಮಸ್ಕಾರ.

ನಾನೂ ಮಗಳೂ ಚೆನ್ನಾಗಿದ್ದೇವೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ, ಕಣ್ಣಾರೆ ಕಂಡಿದ್ದೇನೆ. ಖಾನಾವಳಿಯ ಫೋನ್ ನಂಬರು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು, ಗುರುತು ಹಾಕಿಕೊಂಡೂ ಬಂದೆ. ಆದರೆ ಫೋನಿನಲ್ಲಿ ನಾನು ಹೇಗೆಂದು ನಿಮಗೆ ಗೊತ್ತು. ಎದುರಿನವರ ದನಿ ಸ್ವಲ್ಪ ಏರಿದರೆ ಸಾಕು, ಮಾತು ತಿರುಗಿಸಿಬಿಡುತ್ತೇನೆ. ಕಾಗದದ ಮೇಲೆ ಹಾಗೆ ಮಾಡಲು ಬರುವುದಿಲ್ಲ.

ಆ ಆದಿತ್ಯವಾರ ನಾವು ಮಕ್ತಲ್‌ಗೆ ಏಕೆ ಬಂದಿದ್ದೆವೆಂದು ನಿಮಗೆ ಅರ್ಥವಾಗಿರಬೇಕು. ನಮ್ಮ ಎದುರಿಗೆ ಕುಳಿತಿದ್ದವರು ಐಜದ ಲಕ್ಷ್ಮಯ್ಯನವರು, ಅವರ ಹೆಂಡತಿ ತಿರುಪತಮ್ಮ, ಮಗ ಶೇಖರ್. ಹುಡುಗನಿಗೆ ಗದ್ವಾಲದಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇದೆ. ಅವರಿಗೂ ನಮಗೂ ನಡುದಾರಿಯಾಗಲೆಂದು ಮಕ್ತಲ್‌ನಲ್ಲಿ ಸೇರಿ ಮಾತಾಡೋಣವೆಂದರು. ಆದಿತ್ಯವಾರ ಮೈಲಾರನ ವಾರ, ಅವರ ಮನೆಯಲ್ಲಿ ಆ ದಿನ ಮಾಂಸ ಮುಟ್ಟುವುದಿಲ್ಲ. ಹಾಗಾಗಿ ರಾಯಚೂರು ರಸ್ತೆಯ ದೇವೇಂದ್ರಪ್ಪನವರ ಹಳೆಯ ಖಾನಾವಳಿಯೇ ಆಗಲಿ, ಅಲ್ಲಿ ರೊಟ್ಟಿ ಊಟ ಚೆನ್ನಾಗಿರುತ್ತದೆ ಎಂದು ತಿರುಪತಮ್ಮನೇ ಹೇಳಿದ್ದು. ನೀವು ಅಲ್ಲಿದ್ದೀರೆಂದು ನನಗೆ ಗೊತ್ತಿರಲಿಲ್ಲ. ನೀವು ಬೇಕಾದರೆ ನಂಬಿ, ಬಿಟ್ಟರೆ ಬಿಡಿ.

ಅಂಥ ಜಾಗದಲ್ಲಿ ನಾನು ಅದೇ ಮೊದಲು ಕುಳಿತದ್ದು. ಕಲ್ಲಿನ ಗೋಡೆ, ತಣ್ಣನೆಯ ಶಹಾಬಾದ್ ಕಲ್ಲಿನ ನೆಲ, ಮೇಲೆ ಹಿಂದಿನ ಕಾಲದ ವ್ಯಾಪಾರಿಗಳು ತಂಗುತ್ತಿದ್ದ ಖೋಲಿಗಳು. ಒಳಗೆ ದೇವೇಂದ್ರಪ್ಪನವರ ಹೆಂಡತಿ ಗುರುಲಿಂಗಮ್ಮನವರು ರೊಟ್ಟಿ ತಟ್ಟುವ ಸದ್ದು. ನನ್ನ ಮುಂದೆ ಯಾರೋ ತಾಟು ಇಟ್ಟು, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾಹಿಂಡಿ ಬಡಿಸುತ್ತಿದ್ದಾರೆ, ನಾನು ಕೈಕಟ್ಟಿ ಕುಳಿತಿದ್ದೇನೆ ಎಂಬುದೇ ಒಂದು ಸುಖವಾಗಿತ್ತು. ಆಗ ನೀವು ರೊಟ್ಟಿಯ ಬುಟ್ಟಿ ಹಿಡಿದು ಬಂದಿರಿ.

ಗಡ್ಡ ಬೆಳ್ಳಗಾಗಿದೆ. ಮೊದಲು ಗುರುತು ಹಿಡಿದದ್ದು ನಿಮ್ಮ ಕೈಗಳನ್ನು.

ಅದೇ ಹೊತ್ತಿಗೆ ಲಕ್ಷ್ಮಯ್ಯನವರು ನನ್ನನ್ನು ಕೇಳಿದರು. "ಏನಮ್ಮಾ, ಮಗಳ ಮದಿವಿ ಮಾತಂದ್ರೂ ಪುಣೇದಾಗ ನಿಮ್ಮ ಯಜಮಾನರಿಗೆ ಎರಡು ದಿನ ಸೂಟಿ ಕೊಡಲಿಲ್ಲೇನು?" ಹೌದು, ನೀವು ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದೀರಿ, ತಿಂಗಳಿಗೊಮ್ಮೆ ಫೋನ್ ಮಾಡುತ್ತೀರಿ ಎಂದು ಹೇಳಿದ್ದೆ. ಒಂಬತ್ತು ವರ್ಷದಿಂದ ಎಲ್ಲಿದ್ದಾರೋ ಗೊತ್ತಿಲ್ಲ ಎಂದು ಯಾವ ಬೀಗರ ಮುಂದೆ ಹೇಳಲಿ? ನೀವು ನನ್ನ ತಾಟಿಗೆ ಬಗ್ಗಿದ್ದಿರಿ. ಎಲ್ಲ ಕೇಳಿಸಿತು. ರೊಟ್ಟಿ ಹಾಕಿ ಮುಂದೆ ಹೋದಿರಿ.

ತಿರುಪತಮ್ಮ ನಿಮಗೆ ಬೈದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಏನಪಾ, ಹಿಂಗ ತಣ್ಣನ ರೊಟ್ಟಿ ಹಾಕತೀ? ನಾವೇನು ದಾನಕ್ಕ ಬಂದೀವೇನು?" ನೀವು "ಬಿಸೀವು ತರತೀನ್ರಿ" ಎಂದು ಒಳಗೆ ಹೋದಿರಿ. ನಾನು ತಲೆ ಎತ್ತಲಿಲ್ಲ. ರೇಷ್ಮಾ ಮಾತ್ರ ಮತ್ತೆ ಮತ್ತೆ ರೊಟ್ಟಿ ಹಾಕಿಸಿಕೊಂಡಳು. ಎರಡಾಯಿತು, ಮೂರಾಯಿತು, ನಾಲ್ಕಾಯಿತು. ನೋಡಲು ಬಂದವರ ಮುಂದೆ ಹುಡುಗಿ ಹೀಗೆ ಉಣ್ಣುತ್ತಾಳಲ್ಲ ಎಂದು ನಾನು ಮೇಜಿನ ಕೆಳಗೆ ಅವಳ ಕಾಲು ಒತ್ತಿದೆ. ಅವಳು ಕಾಲು ಸರಿಸಿಕೊಂಡಳು.

ಕೈ ತೊಳೆಯುವಲ್ಲಿ ನಾವಿಬ್ಬರೇ ಇದ್ದೆವು. ನೀವು ನೀರು ಹಾಕಿದಿರಿ. ಒಂಬತ್ತು ವರ್ಷದ ಮೇಲೆ ಆಡಿದ್ದು ಎರಡೇ ಮಾತು. "ಹುಡುಗ ಚಲೋ ಅದಾನ, ಬಿಡಬ್ಯಾಡ." ಆಮೇಲೆ, "ನಾ ಪುಣೇದಾಗ ಅದೀನಿ. ನೀ ಚಿಂತಿ ಮಾಡಬ್ಯಾಡ." ಇಷ್ಟು ಹೇಳಿ ಟವೆಲ್ ಕೊಟ್ಟು ಹೋದಿರಿ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಬಸ್ಸು ಊರು ದಾಟುವ ತನಕ ರೇಷ್ಮಾ ಕಿಟಕಿಯ ಕಡೆ ನೋಡುತ್ತಿದ್ದಳು. ಆಮೇಲೆ, "ಅವ್ವಾ, ಅಪ್ಪ ಭಾಳ ಸೊರಗ್ಯಾನ," ಎಂದಳು. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದೆ. "ನೀ ಹೇಳಿದ ಸುಳ್ಳು ಐತಲ್ಲ, ನಾ ಹೆಂಗ ಮಾತಾಡಲಿ? ಸಾಕು ಅಂದ್ರ ಅಪ್ಪ ಮತ್ತ ನನ್ನ ಕಡಿ ಬರತಿದ್ದಿಲ್ಲ. ಅದಕ್ಕ ಹಾಕು ಹಾಕು ಅಂದೆ." ಆ ಸಂಜೆಯೆಲ್ಲ ಹೊಟ್ಟೆನೋವೆಂದು ಮಲಗಿದ್ದಳು. ನೀವು ಹೋದಾಗ ಹನ್ನೊಂದರ ಹುಡುಗಿ. ಈಗ ಇಪ್ಪತ್ತು. ಒಂದು ದಿನವೂ ಅಪ್ಪ ಎಲ್ಲಿ ಎಂದು ನನ್ನನ್ನು ಕೇಳಿದವಳಲ್ಲ. ಮರೆತಿದ್ದಾಳೆ ಎಂದುಕೊಂಡಿದ್ದೆ.

ನೀವು ಎದ್ದುಹೋದ ದಿನದ ಬಗ್ಗೆಯೂ ಬರೆಯಬೇಕು. ಬೀರಪ್ಪನ ದೇವರೂಟ, ನೆಂಟರೆಲ್ಲ ಸಾಲಾಗಿ ಕುಳಿತಿದ್ದರು. ನಮ್ಮಪ್ಪ ಎಲ್ಲರ ಮುಂದೆ ಅಂದ: "ನಮ್ಮ ಮನಿ ಅಳಿಯ ಕುರಿ ಹಿಂದ ಕಾಣಂಗಿಲ್ಲ, ತಾಟು ಹಿಡಿಯೋ ಹೊತ್ತಿಗೆ ಮಾತ್ರ ಕಾಣತಾನ." ಎಲ್ಲರೂ ನಕ್ಕರು. ನಾನು ಸಾರಿನ ಸೌಟು ಹಿಡಿದು ನಿಮ್ಮ ಎದುರಿಗೇ ನಿಂತಿದ್ದೆ, ಒಂದು ಮಾತಾಡಲಿಲ್ಲ. ನೀವು ಅರ್ಧ ಊಟ ಬಿಟ್ಟು ಎದ್ದಿರಿ. ರಾತ್ರಿಗೆ ಬರುತ್ತೀರೆಂದು ಅನ್ನ ಮುಚ್ಚಿಟ್ಟೆ, ಮರುದಿನವೂ ಮುಚ್ಚಿಟ್ಟೆ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ನಿಮಗೆ ತಿಳಿಸಲು ವಿಳಾಸವಿರಲಿಲ್ಲ. ಮಕ್ತಲ್ ಇಷ್ಟು ಹತ್ತಿರವಿರುವಾಗ ವಿಳಾಸವಿರಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ. ನಿಜ ಹೇಳಬೇಕೆಂದರೆ ನಾನು ಹುಡುಕಲಿಲ್ಲ.

ಹೋದ ಗುರುವಾರ ಗದ್ವಾಲದ ಮೇಲೆ ಐಜಕ್ಕೆ ಹೋಗಿ ಬೀಗರಿಗೆ ಎಲ್ಲ ಹೇಳಿಬಿಟ್ಟೆ. ಸಂಬಂಧ ಮುರಿದರೂ ಸರಿ ಎಂದು ರೇಷ್ಮಾಳೇ ಹೇಳಿದ್ದಳು. ರೊಟ್ಟಿ ಬಡಿಸಿದವರೇ ಅವಳ ಅಪ್ಪ ಎಂದಾಗ ತಿರುಪತಮ್ಮ ಎದ್ದು ಒಳಗೆ ಹೋದರು. ಇನ್ನು ಮುಗಿಯಿತು ಎಂದುಕೊಂಡೆ. ಬಹಳ ಹೊತ್ತಿನ ಮೇಲೆ ಬಂದರು, ಕಣ್ಣು ಕೆಂಪಾಗಿತ್ತು. "ನೀ ಸುಳ್ಳು ಹೇಳಿದ್ದಕ್ಕ ನನಗ ಸಿಟ್ಟೈತಿ. ಅದು ಇವತ್ತೇ ಹೋಗಂಗಿಲ್ಲ," ಎಂದರು. "ಆದ್ರ ಬೀಗರ ಕೈಲೆ ಬಡಿಸಿಕೊಂಡು ಅವರಿಗೇ ಬೈದೆನಲ್ಲ, ಅದನ್ನ ನಾ ಯಾರ ಮುಂದ ಹೇಳಲಿ?" ಲಕ್ಷ್ಮಯ್ಯನವರು ಒಂದೇ ಕೇಳಿದರು, ನಿಶ್ಚಿತಾರ್ಥಕ್ಕೆ ಅವರು ಬರುತ್ತಾರೇನು ಎಂದು. ಬರುತ್ತಾರೆ ಎನ್ನಲು ಬಾಯಿ ತೆರೆದೆ. ಆದರೆ "ಗೊತ್ತಿಲ್ಲ" ಎಂದೆ. ಶೇಖರ್ ತಾನೇ ಹೋಗಿ ಕರೆದು ತರುತ್ತೇನೆಂದ. ಮೊದಲು ನಾನು ಬರೆಯುತ್ತೇನೆ, ತಡಿಯಪ್ಪ ಎಂದೆ.

ಶಿವರಾತ್ರಿ ಕಳೆದ ಮೇಲೆ, ಮಾರ್ಚ್ ಒಂಬತ್ತರ ಆದಿತ್ಯವಾರ ಎಂದು ಮಾತಾಗಿದೆ. ನಮ್ಮ ಮನೆಯಲ್ಲೇ. ಮನೆ ಅಳಿಯನಾಗಿ ಬನ್ನಿ ಎಂದು ಕರೆಯುತ್ತಿಲ್ಲ. ಹುಡುಗಿಯ ಅಪ್ಪನಾಗಿ ಬಂದು ಲಕ್ಷ್ಮಯ್ಯನವರ ಪಕ್ಕದಲ್ಲಿ ಕುಳಿತುಕೊಳ್ಳಿ. ಆಮೇಲೆ ಉಳಿಯುವುದು, ಹೋಗುವುದು ನಿಮ್ಮ ಮನಸ್ಸು, ನಾನು ಒತ್ತಾಯ ಮಾಡುವುದಿಲ್ಲ. ದೇವೇಂದ್ರಪ್ಪನವರಿಗೂ ಗುರುಲಿಂಗಮ್ಮನವರಿಗೂ ಬರಲು ಹೇಳಿ. ಇಷ್ಟು ವರ್ಷ ನಿಮಗೆ ಊಟ ಹಾಕಿದವರು ಅವರೇ ತಾನೆ.

ನಿಮ್ಮ ದಾರಿ ನೋಡುವ,
ಭಾಗ್ಯ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಅಪ್ಪ ಅಂದ ಆ ಮಾತು ಅಪ್ಪನದಲ್ಲ, ನನ್ನದು. ನೀವು ಮಧ್ಯಾಹ್ನವೇ ಕುರಿ ಬಿಟ್ಟು ಮನೆಗೆ ಬರುತ್ತೀರೆಂದು ಹಿಂದಿನ ದಿನ ನಾನೇ ಅವನ ಮುಂದೆ ಚಾಡಿ ಹೇಳಿದ್ದೆ, ಅವೇ ಶಬ್ದಗಳಲ್ಲಿ. ನೀವು ಬರುತ್ತಿದ್ದುದು ಶಾಲೆ ಬಿಟ್ಟು ಓಡಿಬರುವ ರೇಷ್ಮಾಳ ಜೊತೆ ಕುಳಿತು ಉಣ್ಣಲಿಕ್ಕೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ಇದನ್ನು ಓದಿದ ಮೇಲೂ ಬರುವ ಮನಸ್ಸಿದ್ದರೆ ಬನ್ನಿ.