ಪ್ರಶ್ನೆಯನ್ನು ಮರಳಿ ಹೇಳಿದ ಅಪರಾಧಕ್ಕೆ

ಸ್ನಾತಕೋತ್ತರ ಪರೀಕ್ಷೆಗಳ ಮುಖ್ಯಸ್ಥರೇ,

ಪರಮಾಣು ಎಂಜಿನಿಯರಿಂಗ್‌ನ ವೃತ್ತಿಪರ ಸ್ನಾತಕೋತ್ತರ ಪದವಿಯ ಮೌಖಿಕ ಪರೀಕ್ಷೆಯಲ್ಲಿ ತಾವು ನನ್ನನ್ನು ನಪಾಸು ಮಾಡಿದ್ದೀರಿ. ಕಾರಣವೂ ಲಿಖಿತವಾಗಿ ಬಂದಿದೆ: 'ಅಭ್ಯರ್ಥಿಯು ಉತ್ತರಿಸುವ ಬದಲು ಪ್ರಶ್ನೆಯನ್ನೇ ಪುನರುಚ್ಚರಿಸಿ ಕಾಲಹರಣ ಮಾಡಿದ್ದಾರೆ.' ಎಂಥ ಸೂಕ್ಷ್ಮದೃಷ್ಟಿ! ಅಪರಾಧ ಒಪ್ಪಿಕೊಂಡಿದ್ದೇನೆ.

ಹದಿನಾಲ್ಕು ವರ್ಷಗಳಿಂದ ನಾನು ರಿಯಾಕ್ಟರಿನ ನಿಯಂತ್ರಣ ಕೊಠಡಿಯಲ್ಲಿ ಆಪರೇಟರ್. ಅಲ್ಲಿ ಒಬ್ಬರು ಆದೇಶ ಕೊಟ್ಟರೆ ಇನ್ನೊಬ್ಬರು ಅದನ್ನು ಅಕ್ಷರಶಃ ಮರಳಿ ಹೇಳಬೇಕು. ಕೊಟ್ಟವರು 'ಸರಿ' ಎಂದ ಮೇಲೆಯೇ ಕೈ ಸ್ವಿಚ್ಚಿಗೆ ಹೋಗಬೇಕು. ಮೊದಲ ವರ್ಷ ನಾನೂ ತಮ್ಮಷ್ಟೇ ಚುರುಕಾಗಿದ್ದೆ. ಮೂರನೇ ಪಂಪ್ ನಿಲ್ಲಿಸು ಎಂದರೆ, ಮರಳಿ ಹೇಳದೆ, ಎರಡನೆಯದನ್ನು ನಿಲ್ಲಿಸಿಬಿಟ್ಟೆ. ರಿಯಾಕ್ಟರ್ ತಾನಾಗಿಯೇ ನಿಂತಿತು, ಯಾರಿಗೂ ಏನೂ ಆಗಲಿಲ್ಲ. ನಾನು ಮಾತ್ರ ಎರಡು ದಿನ ಕೂತು ವಿವರಣೆ ಬರೆದುಕೊಟ್ಟೆ. ಆಮೇಲಿಂದ ಈ ಅಭ್ಯಾಸ ಮೈಗಂಟಿದೆ. ಮನೆಯಲ್ಲಿ ಗಂಡ ಕಿಟಕಿ ಮುಚ್ಚು ಎಂದರೂ "ಕಿಟಕಿ ಮುಚ್ತೀನಿ" ಅನ್ನುತ್ತೇನೆ. "ನಿನ್ ಜೊತೆ ಮಾತಾಡೋದು ಬಾವಿಗೆ ಕೂಗಿದ ಹಾಗೆ ಕಣೇ" ಎಂದು ಅವರು ನಗುತ್ತಾರೆ.

ತಮ್ಮ ಪರೀಕ್ಷಕರು ನಗಲಿಲ್ಲ. "ರಿಯಾಕ್ಟರ್ ತಂಪು ಮಾಡೋ ನೀರಿನ ಹರಿವು ನಿಂತ್ರೆ ಮೊದಲು ಏನ್ ಮಾಡ್ತೀರಿ?" ಎಂದರು. "ಹರಿವು ನಿಂತ್ರೆ ಮೊದಲು ಏನ್ ಮಾಡ್ತೀನಿ," ಎಂದು ಮರಳಿ ಹೇಳಿ ಅವರ 'ಸರಿ'ಗೆ ಕಾದೆ. ಅವರು ನನ್ನ ಉತ್ತರಕ್ಕೆ ಕಾದರು. ಕೊನೆಗೆ, "ಏನಮ್ಮಾ, ಗಿಳಿಪಾಠ ಒಪ್ಪಿಸೋಕೆ ಬಂದಿದ್ದೀರಾ?" ಎಂದರು. ನನಗೆ ಅವಮಾನವಾಯಿತು. ಪ್ರತಿ ಪ್ರಶ್ನೆಗೂ ಹೀಗೇ ಆಗಿ, ಹತ್ತರಲ್ಲಿ ಆರಕ್ಕೆ ಸಮಯವೇ ಉಳಿಯಲಿಲ್ಲ. ಉತ್ತರಿಸಿದ ನಾಲ್ಕೂ ಸರಿ ಎಂದು ತಮ್ಮ ಅಂಕಪಟ್ಟಿಯೇ ಹೇಳುತ್ತದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಿದ್ದರು ಹಿರಿಯರು. ಪಾಪ, ಅವರ ಕಾಲದಲ್ಲಿ ಗಡಿಯಾರಕ್ಕೆ ಅಂಕ ಕೊಡುವವರು ಇರಲಿಲ್ಲ. ಇದು ಕೆಲಸದಲ್ಲಿರುವವರಿಗಾಗಿಯೇ ರೂಪಿಸಿದ ಪದವಿ ಎಂದು ತಮ್ಮ ಕರಪತ್ರದಲ್ಲಿದೆ. ಕೆಲಸದಲ್ಲಿರುವವರು ನಿಜವಾಗಿಯೂ ಬಂದುಬಿಟ್ಟರೆ ಇಷ್ಟು ತೊಂದರೆಯೆಂದು ತಮಗೆ ಯಾರೂ ಹೇಳಿರಲಿಲ್ಲವೇ?

ಈ ಪದವಿಯಿಲ್ಲದೆ ನಾನು ಪಾಳಿಯ ಮುಖ್ಯಸ್ಥೆಯಾಗಲಾರೆ. ತಿಂಗಳ ಕೊನೆಗೆ ಆ ಕುರ್ಚಿ, ಪಟಪಟನೆ ಉತ್ತರಿಸಿ ಮೊದಲ ಸ್ಥಾನ ಗಳಿಸಿದ, ನಮ್ಮಲ್ಲೇ ಕೆಲಸಕ್ಕಿರುವ ನನ್ನ ಕಿರಿಯ ಸಹಪಾಠಿಗೆ ಹೋಗುತ್ತದೆ. ಒಳ್ಳೆಯವನು, ಪ್ರಾಮಾಣಿಕ. ನಿನ್ನೆ ಊಟದ ಕೊಠಡಿಯಲ್ಲಿ ಮೆಲ್ಲಗೆ ಹೇಳಿದ: "ಅಕ್ಕಾ, ನಾನು ಓದಿದ್ದೀನಿ ಅಷ್ಟೇ. ಅಲಾರಂ ಹೊಡ್ಕೊಂಡ್ರೆ ನೀವೇ ಹೇಳ್ಕೊಡ್ಬೇಕು." ಹೇಳಿಕೊಡುತ್ತೇನೆ. ನಾನು ರಜೆಯಲ್ಲಿರುವ ದಿನ ಯಾರು ಹೇಳಿಕೊಡುತ್ತಾರೆ, ಸ್ವಾಮಿ?

ತಿಂಗಳು ಮುಗಿಯುವುದರೊಳಗೆ ನನಗೆ ಮರುಪರೀಕ್ಷೆ ನಡೆಸಬೇಕು. ಪರೀಕ್ಷಕರು ನಮ್ಮ ನಿಯಂತ್ರಣ ಕೊಠಡಿಗೇ ಬರಲಿ. ಕೂರಲು ಕುರ್ಚಿ ಕೊಡುತ್ತೇವೆ. ಸ್ವಿಚ್ಚು ಮುಟ್ಟಲು ಮಾತ್ರ ಬಿಡುವುದಿಲ್ಲ.

ಇಂತಿ,
ತಮ್ಮಲ್ಲಿ ನಪಾಸಾಗಿ, ಇಂದು ಮಧ್ಯಾಹ್ನದ ಪಾಳಿಯಲ್ಲಿ ಎಂದಿನಂತೆ ರಿಯಾಕ್ಟರ್ ನೋಡಿಕೊಳ್ಳಲಿರುವ
ಆಪರೇಟರ್